ಭಾವನ ಗಾಡಿಯ ಮೂವತ್ತು ಡಿಗ್ರಿ

ತನ್ನ ಗಾಡಿಯ ಸ್ಟೇರಿಂಗ್ ಸಡಿಲವಾಗಿದೆ ಎಂದು ಒಪ್ಪಿಕೊಂಡ ಡ್ರೈವರನ್ನು ನಾನಿನ್ನೂ ನೋಡಿಲ್ಲ. ಬ್ರೇಕ್ ಹಿಡಿಯುತ್ತಿಲ್ಲ ಅಂದರೆ ಒಪ್ಪುತ್ತಾರೆ. ಕ್ಲಚ್ ಹೋಗಿದೆ ಅಂದರೆ ತಾವೂ ಎರಡು ಮಾತು ಸೇರಿಸಿ ಗಾಡಿಯನ್ನು ಬೈಯುತ್ತಾರೆ. ಸ್ಟೇರಿಂಗಿನ ವಿಷಯಕ್ಕೆ ಬಂದಾಗ ಮಾತ್ರ, "ಅದು ಹಂಗೇ ಕಣಪ್ಪ, ಅದಕ್ಕೊಂದು ಕೈ ಬೇಕು" ಎನ್ನುತ್ತಾರೆ. ಆ ಕೈ ಯಾರದು ಎಂದು ಕೇಳುವ ಅಗತ್ಯ ಬೀಳುವುದಿಲ್ಲ.

ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು, ಈ ಪಂಥದ ಹಿರಿಯರು. ಅವರದೊಂದು ಟಾಟಾ 407 ಇದೆ. ಈ ಜಾತಿಯ ಗಾಡಿ ರಸ್ತೆಗೆ ಬಂದದ್ದು 1986ರಲ್ಲಿ. ಭಾವನದು ಅಷ್ಟು ಹಳೆಯದಲ್ಲ, ಆದರೆ ಅದು ಹೊತ್ತ ಹೊರೆಗೆ ವಯಸ್ಸನ್ನು ಬೇರೆ ಲೆಕ್ಕದಲ್ಲೇ ಹಾಕಬೇಕು. ಕಾಯಿ ಕಾಲಕ್ಕೆ ಕಾಯಿ, ಕೊಬ್ಬರಿ ಕಾಲಕ್ಕೆ ತಿಪಟೂರಿನ ಎಪಿಎಂಸಿಗೆ ಕೊಬ್ಬರಿ ಮೂಟೆ, ಎರಡೂ ಇಲ್ಲದಾಗ ಯಾರದೋ ಮದುವೆಯ ಶಾಮಿಯಾನ, ಪಾತ್ರೆ. ನೇರ ರಸ್ತೆಯಲ್ಲೂ ಭಾವನ ಕೈಗಳಿಗೆ ಬಿಡುವಿಲ್ಲ. ಎಡಕ್ಕಿಷ್ಟು ತಿರುಗಿಸುತ್ತಾರೆ, ಬಲಕ್ಕಿಷ್ಟು ತಿರುಗಿಸುತ್ತಾರೆ. ಗಾಡಿ ಮಾತ್ರ ಇದು ತನಗೆ ಹೇಳಿದ್ದಲ್ಲವೆಂದು ನೆಟ್ಟಗೆ ಹೋಗುತ್ತಿರುತ್ತದೆ.

ಡ್ರೈವರನ ಕೈಗೂ ಗಾಲಿಗೂ ನಡುವೆ ಎಷ್ಟು ಮಂದಿ ಇದ್ದಾರೆ ಎಂದು ತಿಳಿಯಬೇಕಾದರೆ ಗಾಡಿಯ ಕೆಳಗೆ ಅಂಗಾತ ಮಲಗಬೇಕು. ಸ್ಟೇರಿಂಗಿನ ಕೋಲು ಇಳಿದು ಸ್ಟೇರಿಂಗ್ ಬಾಕ್ಸ್ ಸೇರುತ್ತದೆ. ಬಾಕ್ಸಿನಿಂದ ಇಳಿಬಿದ್ದ ಗಟ್ಟಿ ತೋಳು ಡ್ರಾಪ್ ಆರ್ಮ್. ನಾವು ಮೇಲೆ ಗರಗರ ತಿರುಗಿಸಿದ್ದನ್ನು ಅದು ಹಿಂದಕ್ಕೂ ಮುಂದಕ್ಕೂ ತೂಗುವ ಚಲನೆಯಾಗಿ ಮಾಡುತ್ತದೆ. ಅದರ ತುದಿಗೆ ಡ್ರ್ಯಾಗ್ ಲಿಂಕ್. ಅದು ಬಲಗಾಲಿಯ ಸ್ಟಬ್ ಆಕ್ಸಲ್ಲನ್ನು ತಳ್ಳುತ್ತದೆ, ಎಳೆಯುತ್ತದೆ. ಬಲಗಾಲಿಗೆ ಬಂದ ಅಪ್ಪಣೆ ಎಡಗಾಲಿಗೆ ಹೋಗುವುದು ಟೈ ರಾಡ್ ಎಂಬ ಅಡ್ಡ ಕೊಳವೆಯ ಮೂಲಕ. ಎರಡು ಗಾಲಿಗಳೂ ಹೊರಳುವುದು ತಮ್ಮ ತಮ್ಮ ಕಿಂಗ್ ಪಿನ್ನಿನ ಸುತ್ತ. ಸರಳು ಸೇರುವ ಕಡೆಯೆಲ್ಲ ಒಂದು ಬಟ್ಟಲು, ಅದರೊಳಗೊಂದು ಉಕ್ಕಿನ ಗುಂಡು. ಎಪಿಎಂಸಿ ದಲಾಲರ ಸಾಲಿನಲ್ಲಿ ಆಗುವಂತೆ, ಇಲ್ಲೂ ಪ್ರತಿಯೊಬ್ಬನೂ ತನ್ನ ಕಮಿಷನ್ ಮುರಿದುಕೊಂಡೇ ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತಾನೆ. ಹೊಸದರಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಒಂದೊಂದು ಜಾಯಿಂಟು ಕೂದಲೆಳೆಯಷ್ಟು ಸವೆದರೂ ಎಲ್ಲ ಕೂಡಿ ಸ್ಟೇರಿಂಗಿನ ಅಂಚಿಗೆ ಬರುವ ಹೊತ್ತಿಗೆ ಗೇಣಿನ ಹತ್ತಿರ ಆಗಿರುತ್ತದೆ.

ಇದು ಒಂದೇ ದಿನ ಆದರೆ ಯಾರಿಗಾದರೂ ಗೊತ್ತಾದೀತು. ವರ್ಷಗಟ್ಟಲೆ ಚೂರುಚೂರೇ ಆಗುವುದರಿಂದ ಡ್ರೈವರನ ಕೈ ಅದಕ್ಕೆ ತಕ್ಕಂತೆ ಚೂರುಚೂರೇ ಹೆಚ್ಚು ತಿರುಗುತ್ತ ಹೋಗುತ್ತದೆ. ಗಾಡಿ ಸರಿಯಾಗಿದೆಯೆಂದು ಪ್ರಮಾಣ ಮಾಡಿ ಹೇಳುವವನು ಅದನ್ನು ದಿನಾ ಓಡಿಸುವವನೇ. ಅವನ ಮಾತು ಸುಳ್ಳಲ್ಲ, ಸಾಕ್ಷಿಗೆ ಮಾತ್ರ ಬರುವುದಿಲ್ಲ.

ಭಾವನ ಬಳಿ ಕಾನೂನಿನ ಬಲವೂ ಇತ್ತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದ ಪ್ರಕಾರ ಸ್ಟೇರಿಂಗ್ ಚಕ್ರದಲ್ಲಿ ಸಡಿಲು 30 ಡಿಗ್ರಿ ಮೀರಬಾರದು. ಗಡಿಯಾರದಲ್ಲಿ ಮುಳ್ಳು ಹನ್ನೆರಡರಿಂದ ಒಂದಕ್ಕೆ ಹೋಗುವಷ್ಟು ದೂರ. ಎಫ್‌ಸಿ ಮಾಡಿಸುವಾಗ ಯಾರೋ ಇದನ್ನು ಅವರ ಕಿವಿಗೆ ಹಾಕಿದ್ದರು. "ಮೀರಬಾರದು" ಎಂಬುದನ್ನು ಭಾವ ತಮಗೆ ಸರ್ಕಾರ ಮಂಜೂರು ಮಾಡಿದ ಹಕ್ಕು ಎಂದು ತಿಳಿದರು. "ಮೂವತ್ತು ಡಿಗ್ರಿ ಕೊಟ್ಟವ್ರೆ, ನಮ್ದಿನ್ನೂ ಇಪ್ಪತ್ತೈದೇ" ಎನ್ನುತ್ತಿದ್ದರು. ಉಳಿದ ಐದು ಡಿಗ್ರಿಯನ್ನು ಅವರು ಬ್ಯಾಂಕಿನಲ್ಲಿಟ್ಟ ದುಡ್ಡೆಂದೇ ಭಾವಿಸಿದ್ದರು. ಅದೇ ನಿಯಮದಲ್ಲಿ ಬಾಲ್ ಜಾಯಿಂಟುಗಳಿಗೆಲ್ಲ ರಬ್ಬರ್ ಟೋಪಿ ಇರಬೇಕು, ಪಿನ್ನು ಬೋಲ್ಟುಗಳು ಕಳಚದಂತೆ ಬಂದೋಬಸ್ತಾಗಿರಬೇಕು ಎಂದೂ ಇದೆ. ಆ ಭಾಗ ಭಾವನ ಕಿವಿಗೆ ಬಿದ್ದಿರಲಿಲ್ಲ.

ರೋಗ ಪತ್ತೆ ಹಚ್ಚಿದವರು ಭಾವನ ತಾಯಿ, ನಾವು ಅತ್ತೆ ಎಂದು ಕರೆಯುವವರು. ಅವರು ಗಾಡಿ ಹತ್ತುವುದು ಅಪರೂಪ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊರಟಾಗ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಅರಸೀಕೆರೆ ಕಡೆ ರಸ್ತೆ ಚೆನ್ನಾಗಿ ಸಿಕ್ಕ ಕಡೆ ಭಾವ ಸ್ವಲ್ಪ ಒತ್ತಿದರು. ಒಂದು ವೇಗಕ್ಕೆ ಬಂದದ್ದೇ ಸ್ಟೇರಿಂಗ್ ಗಡಗಡ ನಡುಗಿತು. ಅತ್ತೆ ಸುಣ್ಣ ಹಚ್ಚುತ್ತಿದ್ದ ಎಲೆ ಕೈಯಿಂದ ಜಾರಿ ಭಾವನ ಪಂಚೆಯ ಮೇಲೆ ಬಿತ್ತು. "ಏನ್ಲಾ ಇದು, ಇದಕ್ಕೆ ಚಳಿಜ್ವರ ಬಂದೈತೆ" ಅಂದರು. ಭಾವ, ಅದು ರಸ್ತೆಯ ದೋಷ ಎಂದರು. ಅತ್ತೆ ಕಿಟಕಿಯಿಂದ ತಲೆ ಹಾಕಿ ರಸ್ತೆ ನೋಡಿ, "ರಸ್ತೆ ನೆಟ್ಟಗೈತೆ" ಎಂದು ಹೇಳಿ ಇನ್ನೊಂದು ಎಲೆ ತೆಗೆದುಕೊಂಡರು.

ಮಾರನೆಯ ದಿನ ಮೇಸ್ತ್ರಿ ಬಳಿ ಹೋದೆವು. ಒಳ್ಳೆಯ ಮೇಸ್ತ್ರಿಯ ಲಕ್ಷಣ ಏನೆಂದರೆ ಬಂದ ಕೂಡಲೇ ಜಾಕ್ ಏರಿಸುವುದಿಲ್ಲ. ಗಾಲಿಗಳು ನೆಲದ ಮೇಲೆ, ಗಾಡಿಯ ಭಾರ ಅವುಗಳ ಮೇಲೆ ಇರುವಾಗಲೇ ಮೊದಲ ಪರೀಕ್ಷೆ. ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಎಡಕ್ಕೂ ಬಲಕ್ಕೂ ಸಣ್ಣಗೆ ಅಲ್ಲಾಡಿಸುತ್ತಿರಲು ಹೇಳಿ, ಅವರು ಗೋಣಿಚೀಲ ಹಾಸಿಕೊಂಡು ಕೆಳಗೆ ನುಗ್ಗಿದರು. ಭಾವನೂ ಅವರ ಪಕ್ಕದಲ್ಲಿ ಮಲಗಿದರು. ಮೇಸ್ತ್ರಿ ಒಂದೊಂದು ಜಾಯಿಂಟಿಗೂ ಹೆಬ್ಬೆರಳು ಇಡುತ್ತ ಬಂದರಂತೆ, ಅರ್ಧ ಬೆರಳು ಬಟ್ಟಲಿನ ಮೇಲೆ, ಅರ್ಧ ಅದರಿಂದ ಹೊರಬಂದ ಪಿನ್ನಿನ ಮೇಲೆ. ಎರಡೂ ಒಟ್ಟಿಗೆ ಚಲಿಸಿದರೆ ಸರಿ. ಒಂದು ಹೊರಟ ಮೇಲೆ ಇನ್ನೊಂದು ಹೊರಟರೆ ಬೆರಳಿಗೆ ಟಕ್ ಎಂದು ತಿಳಿಯುತ್ತದೆ. ಕಣ್ಣಿಗೆ ಕಾಣುವ ಮೊದಲೇ. ಡ್ರ್ಯಾಗ್ ಲಿಂಕಿನ ಹಿಂದಿನ ತುದಿ ಟಕ್ ಎಂದಿತು. ಟೈ ರಾಡಿನ ಎಡ ತುದಿ ಟಕ್‌ಟಕ್ ಎಂದಿತು. ಮೇಸ್ತ್ರಿ ಭಾವನ ಕೈ ಹಿಡಿದು ಅವರ ಬೆರಳನ್ನೇ ಅಲ್ಲಿಟ್ಟರು. ಕೆಳಗಿನಿಂದ ತುಸು ಹೊತ್ತು ಯಾವ ಮಾತೂ ಕೇಳಲಿಲ್ಲ.

ಎಡ ತುದಿಯ ರಬ್ಬರ್ ಟೋಪಿ ಹರಿದಿತ್ತು. ಹರಿದದ್ದು ಯಾವಾಗಲೋ; ಅಲ್ಲಿಂದ ನೀರೂ ಮಣ್ಣೂ ಒಳಗೆ ಹೋಗಿ ಗ್ರೀಸಿಗೆ ಕಲೆತು, ಸವೆತ ತಡೆಯಬೇಕಾದದ್ದೇ ನಿಂತು ಅರೆಯುವ ಮಸಾಲೆಯಾಗಿತ್ತು. ಕೆಲವು ರೂಪಾಯಿಯ ರಬ್ಬರು ಉಳಿಸಿ ಉಕ್ಕು ಕಳೆದುಕೊಳ್ಳುವ ಈ ವ್ಯಾಪಾರ ನಮ್ಮಲ್ಲಿ ಬಹಳ ಜನ ಮಾಡುತ್ತಾರೆ.

ಆಮೇಲೆ ಜಾಕ್ ಏರಿತು. ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಅದೂ ಅಲ್ಲಾಡಿತು. ಇಲ್ಲೊಂದು ಜಾಣತನ ಉಂಟು. ಅಲ್ಲಾಡುವುದು ವೀಲ್ ಬೇರಿಂಗೋ ಕಿಂಗ್ ಪಿನ್ನೋ ತಿಳಿಯಬೇಕಾದರೆ ಒಬ್ಬರು ಬ್ರೇಕ್ ತುಳಿದು ಹಿಡಿಯಬೇಕು. ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್ ಪಿನ್ನು. ನಾನು ತುಳಿದೆ. ನಿಲ್ಲಲಿಲ್ಲ. ಭಾವ ಇನ್ನೊಂದು ಸಲ ತುಳಿ ಅಂದರು.

ಎರಡು ಗಾಲಿಗಳು ಸೇರಿ ತಿರುಗುವ ಈ ವಿದ್ಯೆ ಯಾವ ತಲೆಯಲ್ಲಿ ಹುಟ್ಟಿತೆಂದು ಅಂಗಡಿಯ ಹೊರಗೆ ಕಾಯುತ್ತ ಭಾವನಿಗೆ ಹೇಳಿದೆ. ನಮ್ಮ ತೇರಿಗೆ ಅದು ಇಲ್ಲ. ಅಚ್ಚು ತಿರುಗುವುದಿಲ್ಲವಾದ್ದರಿಂದ ಗಾಲಿಯ ಅಡಿಗೆ ಮರದ ತುಂಡು ಕೊಟ್ಟೇ ಅದನ್ನು ದಾರಿಗೆ ತರಬೇಕು. ತಿರುವಿನಲ್ಲಿ ಒಳಗಾಲಿ ಸಣ್ಣ ಸುತ್ತು ಹಾಕುತ್ತದೆ, ಹೊರಗಾಲಿ ದೊಡ್ಡ ಸುತ್ತು. ಹಾಗಾಗಿ ಒಳಗಾಲಿ ಹೆಚ್ಚು ಹೊರಳಬೇಕು, ಇಲ್ಲವಾದರೆ ಒಂದು ಗಾಲಿ ಉಜ್ಜಿಕೊಂಡೇ ಬರಬೇಕು. ಗಾಲಿಗಳ ತೋಳುಗಳನ್ನು ಸ್ವಲ್ಪ ಓರೆ ಇಟ್ಟು ಟೈ ರಾಡಿನಿಂದ ಕೂಡಿಸಿದರೆ ಇದು ತನ್ನಷ್ಟಕ್ಕೆ ಆಗುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕುದುರೆ ಗಾಡಿಗಾಗಿ ಇದನ್ನು ಕಂಡುಹಿಡಿದವನು ಮ್ಯೂನಿಕ್ಕಿನ ಲಾಂಕೆನ್‌ಸ್ಪರ್ಗರ್ ಎಂಬ ಗಾಡಿ ಮಾಡುವವನು. ಇಂಗ್ಲೆಂಡಿನಲ್ಲಿ ಅವನ ಏಜೆಂಟನಾಗಿ 1818ರಲ್ಲಿ ಪೇಟೆಂಟ್ ಮಾಡಿಸಿದವನು ಲಂಡನ್ನಿನ ಪುಸ್ತಕ ವ್ಯಾಪಾರಿ ಅಕರ್‌ಮನ್. ಇವತ್ತು ಜಗತ್ತೆಲ್ಲ ಅದನ್ನು ಕರೆಯುವುದು ಅಕರ್‌ಮನ್ ಸ್ಟೇರಿಂಗ್ ಎಂದು.

"ಕೊಬ್ಬರಿ ಯಾರದು, ಮಂಡಿ ಯಾರದು" ಎಂದರು ಭಾವ. ತಿಪಟೂರಿನವರಿಗೆ ಇದಕ್ಕಿಂತ ವಿವರಣೆ ಬೇಕಾಗುವುದಿಲ್ಲ.

ಬಿಚ್ಚುವ ಕೆಲಸ ನೋಡುವಂಥದ್ದು. ಟೈ ರಾಡ್ ಎಂಡಿನ ಪಿನ್ನು ಮೊನಚಾಗಿ ತೂತಿನಲ್ಲಿ ಕಚ್ಚಿ ಕೂತಿರುತ್ತದೆ. ಗೊತ್ತಿಲ್ಲದವರು ಅದರ ತಿರುಪಿನ ತುದಿಗೆ ಹೊಡೆದು ತಿರುಪು ಕೆಡಿಸುತ್ತಾರೆ. ಮೇಸ್ತ್ರಿ ತೋಳಿನ ಕಣ್ಣಿಗೆ ಒಂದು ಪಕ್ಕ ದೊಡ್ಡ ಸುತ್ತಿಗೆ ಆನಿಸಿ, ಇನ್ನೊಂದು ಪಕ್ಕ ಚಿಕ್ಕದರಿಂದ ಬಡಿದರು. ಅಷ್ಟು ವರ್ಷ ಕಚ್ಚಿದ್ದು ಪಟ್ಟನೆ ಬಿಟ್ಟಿತು. ಒಂದು ತುದಿಗೆ ಬಲ ತಿರುಪು, ಇನ್ನೊಂದಕ್ಕೆ ಎಡ ತಿರುಪು. ಹೀಗಾಗಿ ನಡುವಿನ ಕೊಳವೆ ತಿರುಗಿಸಿದರೆ ರಾಡು ಉದ್ದವೂ ಆಗುತ್ತದೆ, ಗಿಡ್ಡವೂ ಆಗುತ್ತದೆ. ಗಾಲಿಗಳ ಮುಂಭಾಗದ ಅಂತರಕ್ಕೂ ಹಿಂಭಾಗದ ಅಂತರಕ್ಕೂ ಇರಬೇಕಾದ ಕೆಲವೇ ಮಿಲಿಮೀಟರ್ ವ್ಯತ್ಯಾಸ ಕೂರಿಸುವುದು ಇದರಿಂದಲೇ. ಅದು ತಪ್ಪಿದ್ದರೆ ಟೈರೇ ಹೇಳುತ್ತದೆ: ಅಂಗೈಯಲ್ಲಿ ಅಡ್ಡ ಸವರಿದರೆ ಹೋಗುವಾಗ ನುಣುಪು, ಬರುವಾಗ ಚುಚ್ಚು. ಭಾವನ ಟೈರು ಚುಚ್ಚಿತು.

ಹೊಸ ನಟ್ಟು ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ತೂತಿಗೆ ನಟ್ಟಿನ ಸೀಳು ಸರಿ ಬರಲಿಲ್ಲ. ಒಂಚೂರು ಸಡಿಲಿಸಿದರೆ ಆಗುತ್ತಲ್ಲ ಎಂದರು ಭಾವ. "ಸಡಿಲ್ಸಾದು ಇಲ್ಲ ಯಜಮಾನ್ರೇ, ಮುಂದಿನ ಸೀಳಿನವರ್ಗೂ ಬಿಗೀಬೇಕು" ಎಂದರು ಮೇಸ್ತ್ರಿ. ಹಳೆಯ ಸ್ಪ್ಲಿಟ್ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕೋಣವೆಂಬ ಸಲಹೆಯನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಹಿಂದೊಮ್ಮೆ ರಸ್ತೆಬದಿಯಲ್ಲಿ ಯಾರೋ ಬಾಗಿದ ರಾಡನ್ನು ಗ್ಯಾಸಿನಿಂದ ಕಾಯಿಸಿ ನೆಟ್ಟಗೆ ಮಾಡಿಕೊಟ್ಟಿದ್ದ ಗುರುತು ಕಂಡಾಗ ಮಾತ್ರ ಅವರ ಮುಖ ಬಿಗಿಯಿತು. ಕಾದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ನೋಡಲು ನೆಟ್ಟಗಿರುತ್ತದೆ, ಮುರಿಯುವುದಕ್ಕೆ ಹೊರೆ ಇಳಿಜಾರು ಎರಡೂ ಕೂಡುವ ಜಾಗ ಕಾಯುತ್ತಿರುತ್ತದೆ. ಅದನ್ನು ಗುಜರಿಗೆ ಎಸೆದು ಹೊಸದು ಹಾಕಿದರು. ಕಿಂಗ್ ಪಿನ್ನೂ ಬುಷ್ಷೂ ಹೊಸವು. ಗ್ರೀಸ್ ಹೊಡೆಯುವಾಗ ಆಕ್ಸಲ್ ಎತ್ತಿಯೇ ಇಟ್ಟಿರಬೇಕು, ಭಾರ ಇದ್ದರೆ ಗ್ರೀಸು ಒತ್ತಿದ ಕಡೆಗೆ ಹೋಗುವುದಿಲ್ಲ ಎಂದು ಭಾವನಿಗೆ ಪಾಠವೂ ಆಯಿತು.

ವಾಪಸು ಬರುವಾಗ ಕಷ್ಟ ಶುರುವಾಯಿತು. ಗಾಡಿ ಹೇಳಿದ ಮಾತು ಕೇಳತೊಡಗಿತ್ತು. ಭಾವನ ಕೈ ಎಂದಿನಂತೆ ಎಡಕ್ಕಿಷ್ಟು ಅಂದರೆ ಗಾಡಿ ನಿಜವಾಗಿಯೂ ಎಡಕ್ಕೆ ಹೋಯಿತು. ಗಾಬರಿಯಲ್ಲಿ ಬಲಕ್ಕಿಷ್ಟು ಅಂದರೆ ಬಲಕ್ಕೂ ಹೋಯಿತು. ಎದುರು ಬಂದ ಬೈಕಿನವನು ಇಳಿದು ನಿಂತೇ ಬಿಟ್ಟ. "ಮೇಸ್ತ್ರಿ ಕೆಡಿಸಿಬಿಟ್ಟ" ಎಂದು ಊರು ಸೇರುವವರೆಗೂ ಭಾವನ ಗೊಣಗಾಟ.

ಹಳೆಯ ಸಾಮಾನುಗಳನ್ನು ಮೇಸ್ತ್ರಿ ಗೋಣಿಚೀಲದಲ್ಲಿ ಕಟ್ಟಿ ಕೊಟ್ಟಿದ್ದರು. ಅತ್ತೆ ಅದನ್ನು ಬಿಚ್ಚಿ, ಕಿಂಗ್ ಪಿನ್ನುಗಳನ್ನು ಆರಿಸಿ, ಸೀಗೆಪುಡಿ ಹಾಕಿ ತಿಕ್ಕಿ ತೊಳೆದರು. ಗೇಣುದ್ದದ, ಕೈತುಂಬುವ ಗಟ್ಟಿ ಉಕ್ಕು. ಹಲ್ಲಿಲ್ಲದವರ ಅಡಿಕೆ ಕುಟ್ಟಲು ಅಷ್ಟು ಒಳ್ಳೆಯ ವಸ್ತುವನ್ನು ಯಾವ ಜಾತ್ರೆಯಲ್ಲೂ ಮಾರುವುದಿಲ್ಲ. ತಿಂಗಳಾದ ಮೇಲೆ ಗ್ರೀಸ್ ಹೊಡೆಯಲು ಮನೆಯ ಬಳಿಗೇ ಬಂದ ಮೇಸ್ತ್ರಿ, ಜಗಲಿಯ ಮೇಲೆ ಕುಟ್ಟಾಣಿಯ ಸದ್ದು ಕೇಳಿ ಹತ್ತಿರ ಹೋಗಿ ನೋಡಿದರು.

"ಎರಡಿತ್ತಲ್ಲ ಅಮ್ಮ, ಇನ್ನೊಂದೆಲ್ಲಿ?"

"ಬೀಗಿತ್ತಿಗೆ ಕೊಟ್ಟೆ" ಅಂದರು ಅತ್ತೆ. "ಅವ್ರೂ ಕೇಳ್ತಾವ್ರೆ, ಇನ್ನೊಂದ್ ಸಲ ಯಾವಾಗ್ ಬಿಚ್ತೀರಾ ಅಂತ."