ಋಷಿಮೂಲ, ನದೀಮೂಲ, ಬೋಲ್ಟ್‌ಮೂಲ

ಋಷಿಮೂಲ, ನದೀಮೂಲ ಕೇಳಬಾರದು ಎಂದು ಹಿರಿಯರು ಹೇಳಿ ಹೋದರು. ಬೋಲ್ಟಿನ ಮೂಲದ ಬಗ್ಗೆ ತುಟಿ ಬಿಚ್ಚಲಿಲ್ಲ. ಆ ಸಣ್ಣ ಸಂದಿಯಲ್ಲೇ ಜಗತ್ತಿನ ಸುಂಕದ ಕಟ್ಟೆಗಳೆಲ್ಲ ನುಗ್ಗಿ ಕುರ್ಚಿ ಹಾಕಿಕೊಂಡು ಕೂತಿವೆ. ಬಂದರಿನಲ್ಲಿ ಇಳಿದ ಪ್ರತಿ ಉಕ್ಕಿನ ಚೂರಿಗೂ ಅಲ್ಲಿ ಎರಡು ಪ್ರಶ್ನೆ: ನೀನು ಯಾರು? ಎಲ್ಲಿ ಹುಟ್ಟಿದೆ? ಮನುಷ್ಯರು ಇವಕ್ಕೆ ಉತ್ತರ ಹುಡುಕುತ್ತ ಹಿಮಾಲಯಕ್ಕೆ ಹೋಗುತ್ತಾರೆ. ಬೋಲ್ಟಿಗೆ ಅಷ್ಟು ಪುರುಸೊತ್ತಿಲ್ಲ. ಕಂಟೇನರಿನ ಡೆಮರೇಜು ದಿನದ ಲೆಕ್ಕದಲ್ಲಿ ಏರುತ್ತಿರುತ್ತದೆ.

ಮೊದಲ ಪ್ರಶ್ನೆಗೆ ಬ್ರಸೆಲ್ಸಿನಲ್ಲಿ ಒಂದು ಪಟ್ಟಿ ಇದೆ. 1988ರಿಂದ ಜಾರಿಯಲ್ಲಿರುವ ಈ ಹಾರ್ಮೊನೈಸ್ಡ್ ಸಿಸ್ಟಮ್ಮಿನಲ್ಲಿ ವ್ಯಾಪಾರದ ಸಕಲ ವಸ್ತುವಿಗೂ ಆರಂಕಿಯ ನಂಬರು. ನಾವು ಅದನ್ನು ಎಂಟಂಕಿ ಮಾಡಿಕೊಂಡೆವು, ಅಮೆರಿಕದವರು ಹತ್ತು. ಕಾರಿನ ಬಿಡಿಭಾಗ 8708ರಲ್ಲಿ, ಉಕ್ಕಿನ ಬೋಲ್ಟು, ನಟ್ಟು, ವಾಷರು 7318ರಲ್ಲಿ. ಈಗ ಒಂದು ಕಾರಿಗೆಂದೇ ಮಾಡಿದ ಬೋಲ್ಟು ಬಂತೆನ್ನಿ.

“ಏನ್ರೀ ಇದು?”

“ಕಾರಿನ ಬೋಲ್ಟು ಸಾರ್.”

“ಕಾರಿನದ್ದಲ್ಲ.”

“ಕಾರು ಬಿಟ್ಟರೆ ಬೇರೆ ಯಾವುದಕ್ಕೂ ಕೂರಲ್ಲ ಸಾರ್.”

“ಕೂರದಿದ್ದರೆ ನಿಲ್ಲಲಿ. ಇದು ಸಾಮಾನ್ಯ ಬಳಕೆಯ ಭಾಗ. ಹದಿನೈದನೇ ಸೆಕ್ಷನ್ನಿನ ಎರಡನೇ ಟಿಪ್ಪಣಿ ಓದಿಲ್ವೇನ್ರೀ?”

ಸಾಹೇಬರು ಹೇಳಿದ್ದು ನೂರಕ್ಕೆ ನೂರು ಸರಿ. ಟಿಪ್ಪಣಿ ಹಾಗೇ ಇದೆ. ಕಾರು ಕಳಚಿ ಬೀಳದಂತೆ ಹಿಡಿದುಕೊಂಡಿರುವುದು ಬೋಲ್ಟೇ ಆದರೂ ಅದು ಕಾರಿನ ಭಾಗವಲ್ಲ. ಆಫೀಸನ್ನು ಎತ್ತಿ ಹಿಡಿದಿರುವ ಗುತ್ತಿಗೆ ನೌಕರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಕುಸ್ತಿ ನಡೆದದ್ದು ಆ ಬೋಲ್ಟು ಕೂರುವ ಉಕ್ಕಿನ ಬ್ರಾಕೆಟ್ಟಿನಂಥ ಮಾಲಿನ ಮೇಲೆ. ಆಮದುದಾರ ಅದನ್ನು 7326, ಅಂದರೆ ‘ಉಕ್ಕಿನ ಇತರೆ ವಸ್ತು’ ಎನ್ನುತ್ತಿದ್ದ. ಇಲಾಖೆ 8708, ಕಾರಿನ ಭಾಗ ಎನ್ನುತ್ತಿತ್ತು. ವಸ್ತುವಿನ ಸ್ವರೂಪ ಅದರ ದ್ರವ್ಯದಲ್ಲಿದೆಯೋ ಉಪಯೋಗದಲ್ಲಿದೆಯೋ ಎಂದು ವಕೀಲರು ನ್ಯಾಯಮಂಡಳಿಗಳಲ್ಲಿ ದ್ವೈತಾದ್ವೈತದ ಮಟ್ಟಕ್ಕೆ ವಾದಿಸಿದರು. ಏನೂ ಬಗೆಹರಿಯದಿದ್ದರೆ ವರ್ಗೀಕರಣದ ಮೂರನೇ ನಿಯಮದ ಕೊನೆಯಲ್ಲಿ ದಿವ್ಯೌಷಧವೊಂದಿದೆ: ಸಮನಾಗಿ ಹೊಂದುವ ನಂಬರುಗಳಲ್ಲಿ ಕೊನೆಗೆ ಬರುವುದನ್ನು ಹಿಡಿ. ಇಷ್ಟೆಲ್ಲ ಜಿಜ್ಞಾಸೆಯ ಬುಡದಲ್ಲಿದ್ದದ್ದು ಒಂದೇ ಸಂಗತಿ. 7326ಕ್ಕೆ ಜಿಎಸ್‌ಟಿ 18%, 8708ಕ್ಕೆ 28%. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 18% ಆಯಿತು. ಬೆಳಗಾಗುವುದರೊಳಗೆ ಬ್ರಾಕೆಟ್ಟಿನ ಆತ್ಮಸ್ವರೂಪದ ಬಗ್ಗೆ ಇದ್ದ ಕುತೂಹಲ ಅರ್ಧಕ್ಕರ್ಧ ಇಳಿಯಿತು. ಹಳೇ ನೋಟಿಸುಗಳು ಮಾತ್ರ ಇನ್ನೂ ಜಿಜ್ಞಾಸೆ ಮಾಡುತ್ತಿವೆ.

ಇನ್ನು ಹುಟ್ಟೂರು. ಆಸಿಯಾನ್ ದೇಶಗಳ ಜೊತೆ ನಮ್ಮ ಸರಕು ಒಪ್ಪಂದ 2010ರಿಂದ ಇದೆ. ಅಲ್ಲಿಯದೇ ಆದ ಮಾಲಿಗೆ ಸುಂಕದಲ್ಲಿ ರಿಯಾಯಿತಿ. ‘ಅಲ್ಲಿಯದು’ ಎನಿಸಿಕೊಳ್ಳಲು ಸಾಮಾನ್ಯವಾಗಿ ಬೆಲೆಯಲ್ಲಿ 35% ಆ ದೇಶಗಳದ್ದಾಗಿರಬೇಕು, ಹೊರಗಿನ ಕಚ್ಚಾಮಾಲಿನ ನಂಬರು ತಯಾರಿಕೆಯಲ್ಲಿ ಬದಲಾಗಿರಬೇಕು. ಬೇರೆ ದೇಶದ ಸರಕು ಇದೇ ಬಾಗಿಲಲ್ಲಿ ನುಸುಳುತ್ತಿದೆ ಎಂಬ ಗುಮಾನಿ ಬಂದು, 2020ರಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಕಲಮು ಸೇರಿತು. ಅದರ ಬೆನ್ನಿಗೆ ಕ್ಯಾರೊಟಾರ್ ಎಂಬ ನಿಯಮಾವಳಿಯೂ ಬಂತು. ಹೊರದೇಶದ ಅಧಿಕಾರಿ ಮೊಹರು ಒತ್ತಿದ ಮೂಲ ಪ್ರಮಾಣಪತ್ರ ಸಾಲದು. ಮಾಲು ಹೇಗೆ ತಯಾರಾಯಿತು, ಎಲ್ಲಿಯದೆಷ್ಟು ಎಂಬುದು ತರಿಸಿದವನಿಗೇ ಗೊತ್ತಿರಬೇಕು. ಆ ಕಾಗದವನ್ನು ಐದು ವರ್ಷ ಕಾಪಾಡಿಕೊಂಡಿರಬೇಕು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಗೆ ಇನ್ನು ತಿದ್ದುಪಡಿ ತರಬೇಕು. ಹಿಂದಿನ ಸುಂಕದವನು ಕಿವಿಗೊಡುತ್ತಿರಲಿಲ್ಲ, ಬಚಾವಾಗುತ್ತಿದ್ದೆವು. ಈಗಿನವನು ಪಟ್ಟು ಹಿಡಿದು ಕೇಳುತ್ತಾನೆ, ನಮೂನೆಯಲ್ಲಿ ತುಂಬಿಸಿಕೊಳ್ಳುತ್ತಾನೆ. ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡವನು ಸಮುದ್ರದಾಚೆಯ ಕಾರ್ಖಾನೆಯವನಿಗೆ “ನಿನ್ನ ಅಸಲೆಷ್ಟು, ಕಬ್ಬಿಣ ಎಲ್ಲಿಂದ ತಂದೆ, ಲಾಭ ಎಷ್ಟಿಟ್ಟೆ” ಎಂದು ಬರೆದು ಕೇಳಬೇಕು. ಪಕ್ಕದ ಶೆಡ್ಡಿನ ಸ್ವಂತ ಭಾವಮೈದುನನೇ ಬಾಯಿ ಬಿಡದ ಗುಟ್ಟು ಅದು.

ನಮ್ಮವರನ್ನೇ ಹೊಗಳುತ್ತ ಕೂತರೆ ಅಮೆರಿಕದವರು ಬೇಜಾರು ಮಾಡಿಕೊಂಡಾರು. ಪರದೇಶದ ಮಾಲಿನ ಮೇಲೆ ಅದರ ದೇಶದ ಹೆಸರಿರಬೇಕು ಎಂಬ ಕಟ್ಟಳೆ ಅಲ್ಲಿ 1890ರಷ್ಟು ಹಳೆಯದು. ಈಗ ನಡೆಯುತ್ತಿರುವುದು 1930ರ ಸುಂಕ ಕಾಯ್ದೆಯ 304ನೇ ಸೆಕ್ಷನ್ನು. ಕೊನೆಯ ಖರೀದಿದಾರನ ಕಣ್ಣಿಗೆ ಬೀಳುವಂತೆ, ಅಳಿಸದಂತೆ ಬರೆಯಬೇಕು. ಜೊತೆಗೊಂದು ವಿನಾಯಿತಿ ಪಟ್ಟಿಯೂ ಉಂಟು. ಬೋಲ್ಟು, ನಟ್ಟು, ವಾಷರು, ಸ್ಕ್ರೂ, ಮೊಳೆಗಳು ಕೋಳಿಮೊಟ್ಟೆಯ ಸಾಲಿನಲ್ಲಿ ಅದರಲ್ಲಿ ಕೂತಿವೆ. ಒಂದೊಂದರ ಮೈಮೇಲೂ ಊರು ಬರೆಯಬೇಕಾಗಿಲ್ಲ, ಡಬ್ಬಿಯ ಮೇಲಿದ್ದರೆ ಸಾಕು.

ಆದರೆ ಮ್ಯಾನ್‌ಹೋಲ್ ಮುಚ್ಚಳಕ್ಕೆ ಈ ದಯೆ ಇಲ್ಲ. ದೇಶದ ಹೆಸರು ಮೇಲ್ಮೈಯಲ್ಲೇ, ಎರಕದಲ್ಲೋ ಕೆತ್ತನೆಯಲ್ಲೋ ಶಾಶ್ವತವಾಗಿ ಮೂಡಿರಬೇಕೆಂದು 1984ರಲ್ಲಿ ಕಾನೂನಾಯಿತು. ಹೀಗಾಗಿ ಹೌರಾದ ಎರಕದ ಮನೆಗಳ ಬೀಡುಕಬ್ಬಿಣ ನ್ಯೂಯಾರ್ಕಿನ ಬೀದಿಗಳಲ್ಲಿ ‘ಮೇಡ್ ಇನ್ ಇಂಡಿಯಾ’ ಎಂದು ಸಾರುತ್ತ ಮಲಗಿದೆ. ಅದನ್ನು ಓದಿದ ದೇಶಭಕ್ತ ಪಾದಚಾರಿ ಏನು ಮಾಡಬೇಕು ಎಂಬುದನ್ನು ಮಾತ್ರ ಕಾನೂನು ತಿಳಿಸಿಲ್ಲ. ಪಕ್ಕದ ಬೀದಿಗೆ ಹೋಗಿ ಸ್ವದೇಶಿ ಮುಚ್ಚಳ ತುಳಿಯಬಹುದೇನೋ.

ಇತ್ತ, ಹೆಸರು ಬರೆಯಲೂ ಲಾಯಕ್ಕಿಲ್ಲದಷ್ಟು ಕ್ಷುಲ್ಲಕವೆನಿಸಿದ ಆ ಮೊಳೆ 2020ರ ಜನವರಿಯಲ್ಲಿ ಏಕಾಏಕಿ ಬಡ್ತಿ ಪಡೆಯಿತು. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ 2018ರಿಂದ ಉಕ್ಕಿಗೆ ಹಾಕಿದ್ದ 25% ಸುಂಕ, ಅಧ್ಯಕ್ಷರ ಒಂದು ಘೋಷಣೆಯಿಂದ ಮೊಳೆಗೂ ಕಾರಿನ ಬಂಪರಿಗೂ ಹಬ್ಬಿತು. ಸುಂಕ 2025ರ ಜೂನ್ 4ರಂದು 50% ಆಯಿತು. ಅದೇ ತಿಂಗಳ 23ರಿಂದ ಫ್ರಿಜ್ಜು, ವಾಷಿಂಗ್ ಮಷೀನು, ಪಾತ್ರೆ ತೊಳೆಯುವ ಯಂತ್ರದೊಳಗಿನ ಉಕ್ಕೂ ಅಪಾಯಕಾರಿ ಪಟ್ಟಿಗೆ ಸೇರಿತು. ಜಗತ್ತಿನ ಅತಿ ಬಲಾಢ್ಯ ಸೈನ್ಯ ಕೊನೆಗೂ ತನಗೆ ಸರಿಸಮನಾದ ಶತ್ರುವನ್ನು ಅಡುಗೆಮನೆಯಲ್ಲಿ ಪತ್ತೆ ಹಚ್ಚಿತು.

ಈ ಶತ್ರುವಿನ ಹುಟ್ಟೂರಿಗೆ ಬೇರೆಯೇ ಅಳತೆಗೋಲು: ಉಕ್ಕನ್ನು ಎಲ್ಲಿ ಕರಗಿಸಿ ಎರಕ ಹೊಯ್ದರು? ಅಮೆರಿಕದಲ್ಲೇ ಆಗಿದ್ದರೆ, ಹೊರಗೆ ಹೋಗಿ ಬಿಡಿಭಾಗವಾಗಿ ಮರಳಿದರೂ 2025ರಲ್ಲಿ ಆ ಸುಂಕವಿರಲಿಲ್ಲ. ತೋರಣಗಲ್ಲಿನಲ್ಲಿ ಕರಗಿದ ಉಕ್ಕು ಥಾಯ್ಲೆಂಡಿನಲ್ಲಿ ಬೋಲ್ಟಾಯಿತು ಎಂದುಕೊಳ್ಳಿ. ಅಮೆರಿಕಕ್ಕೆ ಹೋದರೆ ಡಬ್ಬಿಯ ಮೇಲೆ ಥಾಯ್ಲೆಂಡ್, ಸುಂಕದ ದಾಖಲೆಯಲ್ಲಿ ಕರಗಿದ ದೇಶ ಭಾರತ. ಅದೇ ಬೋಲ್ಟು ತೌರಿಗೆ ಮರಳಿದರೆ, ಲೆಕ್ಕ ಕೂಡಿಬಂದಾಗ ಆಸಿಯಾನ್ ಪ್ರಜೆಯಾಗಿ ರಿಯಾಯಿತಿ ಕೇಳುತ್ತದೆ. ಉಕ್ಕು ಮಾತ್ರ ಬದಲಾಗಿಲ್ಲ.

ಸುಂಕ ಎಲ್ಲಕ್ಕೂ ಒಂದೇ ಆದರೆ ಈ ಪೇಚಾಟ ಮುಗಿಯುತ್ತದಲ್ಲ ಎಂದು ಪೀಣ್ಯದ ಲೇತಿನವನು ಕೇಳಬಹುದು. ಬ್ರಾಕೆಟ್ಟಿನ ಕಥೆ ನೋಡಿದವನು, ಕೇಳುವುದು ಸಹಜ. ಆದರೆ ಅವನಿಗೆ ಅರ್ಥಶಾಸ್ತ್ರ ಗೊತ್ತಿಲ್ಲ. ಒಂದೊಂದು ಬೋಲ್ಟಿನ ಹಿಂದೆ ಏಜೆಂಟರು, ಸಲಹೆಗಾರರು, ವಕೀಲರು, ಅಧಿಕಾರಿಗಳು, ನ್ಯಾಯಮಂಡಳಿಗಳ ಎಷ್ಟೊಂದು ಒಲೆ ಉರಿಯುತ್ತಿದೆ! ಸೌದೆಯ ಖರ್ಚು ಅವನದು, ಆಮೇಲೆ ಅವನ ಗಿರಾಕಿಯದು. ಬೋಲ್ಟನ್ನು ಥಾಯ್ಲೆಂಡಿನಿಂದ ತರಬಹುದು, ತಕರಾರನ್ನು ತರಲಾಗದು. ಪ್ರಮಾಣಪತ್ರ ಬೇಡದ ಅಪ್ಪಟ ಸ್ವದೇಶಿ ಸರಕೆಂದರೆ ಅದೊಂದೇ. ಕರಗಿಸುವುದೂ ಎರಕ ಹೊಯ್ಯುವುದೂ ಇಲ್ಲೇ.