ಆರೂ ಮಂದಿಗೆ ತಲೆ ಕೆಟ್ಟಿದೆ!

ರಾಕೆಟ್ಟೊಂದು ಸೋತ ಕಾರಣವನ್ನು ಚಿಮ್ಮಡ ಊರಿನ ಕಟ್ಟೆಯ ಮೇಲೆ ಕೂತು ಓದಿ ಹೇಳಿದರೆ, ಕಬ್ಬು ಬೆಳೆದ ಯಾವ ರೈತನಾದರೂ ಅರ್ಧಕ್ಕೇ ತಡೆದು, ‘ಸಾಕ್ರಿ, ಇದು ನಮ್ಮ ಕಚೇರಿ ಕಥಿ’ ಎಂದಾನು.

2022ರ ಆಗಸ್ಟ್ 7ರಂದು ಇಸ್ರೋದ ಹೊಸ ಪುಟ್ಟ ರಾಕೆಟ್ಟು ಎಸ್‌ಎಸ್‌ಎಲ್‌ವಿ ಶ್ರೀಹರಿಕೋಟಾದಿಂದ ಹಾರಿತು. ಎರಡನೇ ಹಂತ ಕಳಚುವಾಗ ಗಡಗಡ ನಡುಗಿತು, ಕ್ಷಣಮಾತ್ರ. ವೇಗದ ಏರಿಳಿತ ಅಳೆಯುವ ಆರು ಸಂವೇದಕಗಳೂ ಒಟ್ಟಿಗೆ ಬೊಬ್ಬೆ ಹೊಡೆದವು. ಒಳಗೆ ಕೂತ ಕಂಪ್ಯೂಟರ್ ಸಾಹೇಬರ ತೀರ್ಮಾನ ಏನು? ರಾಕೆಟ್ಟು ನಡುಗಿತೆಂದಲ್ಲ, ಆರೂ ಮಂದಿಗೆ ತಲೆ ಕೆಟ್ಟಿದೆ ಎಂದು! ಎಲ್ಲರನ್ನೂ ಬದಿಗೆ ಕೂರಿಸಿ, ಮೊದಲೇ ಬರೆದಿಟ್ಟ ಲೆಕ್ಕ ಹಿಡಿದು ಸಾಹೇಬರು ಮುಂದೆ ನಡೆದರು. ಸಂವೇದಕಗಳು ಆಗಲೇ ಸುಧಾರಿಸಿಕೊಂಡಿದ್ದವು, ಕೇಳುವವರಿರಲಿಲ್ಲ.

356 ಕಿ.ಮೀ. ಎತ್ತರದ ದುಂಡು ಕಕ್ಷೆಯ ಬದಲು ಸಿಕ್ಕಿದ್ದು ಒಂದು ಕಡೆ 356, ಇನ್ನೊಂದು ಕಡೆ ಬರೀ 76 ಕಿ.ಮೀ. ಅಷ್ಟು ಕೆಳಗೆ ಗಾಳಿಯೇ ಹಿಡಿದೆಳೆಯುತ್ತದೆ. 135 ಕಿಲೋದ ಭೂವೀಕ್ಷಣಾ ಉಪಗ್ರಹ ಇಒಎಸ್-02 ಹೋಯಿತು. ಸರ್ಕಾರಿ ಶಾಲೆಗಳ 750 ಹುಡುಗಿಯರ ಕೈಕೆಲಸವಿದ್ದ ಎಂಟು ಕಿಲೋದ ಆಜಾದಿಸ್ಯಾಟ್ ಕೂಡ ಹೋಯಿತು. ಅದನ್ನು ನೆನೆದರೆ ಮಾತ್ರ ನಗು ಬರುವುದಿಲ್ಲ.

ಆರೂ ಒಟ್ಟಿಗೆ ಕೂಗಿದ್ದೇ ಅವುಗಳ ತಪ್ಪು. ನಮ್ಮ ಕಚೇರಿಯಲ್ಲೂ ಅಷ್ಟೇ: ಒಬ್ಬ ಕೂಗಿದರೆ ‘ಅರ್ಜಿ ಕೊಡು’. ಊರೇ ಕೂಗಿದರೆ ‘ಯಾರದೋ ಕುಮ್ಮಕ್ಕು’. 2019ರಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದವು. ಮನೆ ಬಿತ್ತೆಂದು ಓಣಿಗೆ ಓಣಿಯೇ ಬಂದು ನಿಂತರೆ ಪರಿಹಾರದ ಪಟ್ಟಿ ಹಿಡಿದವರಿಗೆ ಅನುಮಾನ: ಎಲ್ಲರ ಗೋಡೆಯೂ ಒಂದೇ ರಾತ್ರಿ ಹೇಗೆ ಬಿದ್ದೀತು? 2025ರ ನವೆಂಬರಿನಲ್ಲಿ ಟನ್ ಕಬ್ಬಿಗೆ 3500 ರೂಪಾಯಿ ಕೇಳಿ ಬೆಳಗಾವಿ, ಬಾಗಲಕೋಟೆಯ ರೈತರು ರಸ್ತೆಗಿಳಿದರು. ಇಷ್ಟು ಮಂದಿ ಒಂದೇ ಅಂಕಿ ಹೇಳುತ್ತಾರೆಂದರೆ ಸಂವೇದಕ ಕೆಟ್ಟಿರಲೇಬೇಕು! ಕಾರ್ಖಾನೆಯ ತೂಕದ ಯಂತ್ರವೊಂದೇ ಎಂದೂ ನಡುಗದ್ದು, ಎಂದೂ ಕೆಡದ್ದು.

ಇಸ್ರೋ ಮಾತ್ರ ನಮ್ಮ ಪದ್ಧತಿ ಕೆಡಿಸಿತು. ‘ಉಪಗ್ರಹಗಳು ಇನ್ನು ಬಳಕೆಗೆ ಬಾರವು’ ಎಂದು ಅದೇ ದಿನ ಒಪ್ಪಿಕೊಂಡಿತು. ಆಮೇಲೆ ಕಾರಣವನ್ನೂ ಪ್ರಕಟಿಸಿತು. ಹಂತ ಕಳಚುವ ವಿಧಾನ ಬದಲಿಸಿತು, ಸಂವೇದಕ ಕೆಟ್ಟಿದೆ ಎನ್ನುವ ಮೊದಲು ಇನ್ನಷ್ಟು ಹೊತ್ತು ಕಾಯಲು ಕಂಪ್ಯೂಟರಿಗೆ ಕಲಿಸಿತು, ದಾರಿ ತೋರುವ ನಾವಿಕ್ ಉಪಗ್ರಹಗಳ ಸಾಕ್ಷಿ ಕೇಳಲೂ ಹೇಳಿತು. 2023ರ ಫೆಬ್ರುವರಿ 10ರಂದು ಎರಡನೇ ರಾಕೆಟ್ಟು ಇಒಎಸ್-07 ಅನ್ನು 450 ಕಿ.ಮೀ. ಕಕ್ಷೆಗೆ ಸರಿಯಾಗಿ ಮುಟ್ಟಿಸಿತು.

ಕಚೇರಿಯ ಎರಡನೇ ಉಡಾವಣೆಯ ದಿನಾಂಕ ಇನ್ನೂ ಪ್ರಕಟವಾಗಿಲ್ಲ.