ಕ್ಯಾಂಪಿನ ಗೈಡು ನಾನೇರೀ

ಬೆಳಗಾವಿಗೆ ಬಂದ ನೆಂಟರಿಗೆ ಕುಂದಾ ತಿನ್ನಿಸಿ ಹಳೇ ದಂಡಿನ ಪ್ರದೇಶವಾದ ಕ್ಯಾಂಪ್ ಸುತ್ತಿಸುವ ಚಾಕರಿ ನಮ್ಮ ಮನೆಯಲ್ಲಿ ನನ್ನದೇ. 1818ರಲ್ಲಿ ಕೋಟೆ ಹಿಡಿದ ಬ್ರಿಟಿಷರು, ಅವರ ದಂಡು, ಕೆಂಪು ಹೆಂಚಿನ ಬಂಗಲೆ, ಸೇಂಟ್ ಮೇರೀಸ್ ಚರ್ಚು ಎಂದು ಹೊರಡುವ ಮೊದಲೇ ಕೊಚ್ಚಿಕೊಂಡಿರುತ್ತೇನೆ. ಮೊನ್ನೆ ಹುಬ್ಬಳ್ಳಿಯ ಬೀಗರು ಬಂದರು. ಅದೂ ಆಷಾಢದ ಮಳೆಯಲ್ಲಿ, ಇಸ್ತ್ರಿ ಮುರಿಯದ ಬಿಳಿ ಧೋತರದಲ್ಲಿ. ಫುಟ್‌ಪಾತಿನ ಸಡಿಲ ಫರಸಿಯ ಒಂದು ತುದಿಗೆ ಅವರು ಕಾಲಿಟ್ಟರು, ಇನ್ನೊಂದು ತುದಿಯಿಂದ ಕೆಸರು ಚಿಮ್ಮಿ ಧೋತರಕ್ಕೆ ರಂಗಪಂಚಮಿ!

"ಈ ಗ್ವಾಡಿ ಮ್ಯಾಲ ಅರಳಿ ಗಿಡ ಯಾರು ಹಚ್ಯಾರ್ರೀ ಬೀಗರ?"

"ಅದು ಹೆರಿಟೇಜ್ ರೀ."

"ತಲಿಗೆ ಬಡಿಯೂ ಈ ಕೇಬಲ್ ವಾಯರು?"

"ಅದೂ ಹೆರಿಟೇಜ್ ರೀ."

ಹಳೇ ಕಮಾನೊಂದನ್ನು ಯಾರೋ ಪುಢಾರಿಯ ಹುಟ್ಟುಹಬ್ಬದ ಬ್ಯಾನರು ನುಂಗಿತ್ತು. ಹಬ್ಬ ಯಾವಾಗಲೋ ಮುಗಿದು, ಮಳೆಗೆ ಮೀಸೆಯ ಬಣ್ಣ ಹೋಗಿ, ಪುಢಾರಿ ಮತ್ತೆ ಹೈಸ್ಕೂಲು ಹುಡುಗನಾಗಿದ್ದ. ಪಾಚಿ, ಬಿರುಕು, ಕಸದ ಗುಡ್ಡೆ ಎಲ್ಲಕ್ಕೂ ಒಂದಿಷ್ಟು ಇತಿಹಾಸ ಸವರುತ್ತ ನಡೆದೆ.

ಈಗ ಬಣ್ಣ ಉದುರಿದ ನಮ್ಮ ಮನೆಯ ಕಾಂಪೌಂಡಿಗೂ ಇದೇ ಉತ್ತರ. ಹೆಂಡತಿ ಮಾತ್ರ ಬಗ್ಗುತ್ತಿಲ್ಲ: "ಹಂಗಾದ್ರ ನಿಮ್ಮನ್ನೂ ಗೇಟಿಗೆ ನಿಂದ್ರಿಸಿ ಟಿಕೀಟು ಇಡ್ತೇನಿ, ಪೇಂಟರನ ಪಗಾರರೆ ಹುಟ್ಟತದ!"